ನಾನೇ ಬಿದ್ದೆ ಅಂದುಬಿಟ್ಟಿದ್ದೆ

ಆಸ್ಪತ್ರೆಯಲ್ಲಿ ನನಗೆ ಕೇಳಿದ ಮೊದಲ ಪ್ರಶ್ನೆ, "ಯಾರು ಗುದ್ದಿದ್ದು ಸರ್?" ಸೈಕಲ್ಲಿನಿಂದ ಬಿದ್ದ ಕಡೆಯ ಕೈಯನ್ನು ಇನ್ನೊಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದು ಕೂತಿದ್ದೆ. ಉಸಿರೆಳೆದಾಗಲೆಲ್ಲ ಹೆಗಲ ಮುಂಭಾಗದಲ್ಲಿ ಮೂಳೆಯ ಒಂದು ತುದಿ ಇನ್ನೊಂದಕ್ಕೆ ತಾಗುವುದು ಗೊತ್ತಾಗುತ್ತಿತ್ತು. "ಯಾರೂ ಗುದ್ದಲಿಲ್ಲ ಸಿಸ್ಟರ್, ನಾನೇ ಬಿದ್ದೆ" ಅಂದೆ. ಅವರು ಫಾರಂನಲ್ಲಿ 'ಸೆಲ್ಫ್ ಫಾಲ್' ಅಂತ ಬರೆದುಕೊಂಡರು. ಹಾಗಾದರೆ ಪೊಲೀಸರಿಗೆ ತಿಳಿಸಬೇಕಾಗಿಲ್ಲ ಅಂತ ಪಕ್ಕದವರಿಗೆ ಹೇಳಿ ಮುಂದಿನ ಹಾಸಿಗೆಗೆ ಹೋದರು. ಅವರ ತಪ್ಪೇನಿಲ್ಲ. ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಅದೇ ತಾನೆ.

ಕಾಲರ್ ಬೋನ್ ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಎರಡು ಪದ: ನಾನೇ ಬಿದ್ದೆ. ನೋಡಲು ಬಂದವರೆಲ್ಲ ಹೇಗಾಯ್ತು ಅಂತ ಕೇಳುತ್ತಿದ್ದರು, ನಾನು ಅದನ್ನೇ ಹೇಳುತ್ತಿದ್ದೆ. ಹೇಳಿದಷ್ಟೂ ಅದು ನಿಜ ಅಂತ ನನಗೇ ಅನ್ನಿಸತೊಡಗಿತು. ವಯಸ್ಸಾಯಿತೇನೋ, ಗಮನ ಎಲ್ಲೋ ಇತ್ತೇನೋ, ಬ್ರೇಕ್ ತಡವಾಗಿ ಹಿಡಿದೆನೇನೋ. ಮೂವತ್ತು ವರ್ಷ ಸೈಕಲ್ ತುಳಿದವನು ಬರಿಯ ರಸ್ತೆಯ ಮೇಲೆ, ಹಗಲು ಹೊತ್ತಿನಲ್ಲಿ, ಯಾರೂ ತಾಗದೆ ಹೇಗೆ ಬಿದ್ದ ಎನ್ನುವುದು ಮಾತ್ರ ಬಗೆಹರಿಯಲಿಲ್ಲ. ಕೈ ಪಟ್ಟಿ ಬಿಚ್ಚಿದ ವಾರವೇ ಒಂದು ಅಳತೆ ಟೇಪು ಜೇಬಿಗೆ ಹಾಕಿಕೊಂಡು ಅಲ್ಲಿಗೆ ನಡೆದುಕೊಂಡು ಹೋದೆ.

ಎರಡೂವರೆ ಸೆಂಟಿಮೀಟರು

ಅಲ್ಲಿ ಗುಂಡಿ ಇರಲಿಲ್ಲ. ಹಳೆಯ ಡಾಂಬರಿನ ಮೇಲೆ ಹೊಸದೊಂದು ಪದರ ಹಾಸಿದ್ದರು, ಅದನ್ನು ರಸ್ತೆಯ ಅಂಚಿನ ತನಕ ಒಯ್ಯದೆ ಒಂದು ಮೊಳ ಮುಂಚೆಯೇ ನಿಲ್ಲಿಸಿದ್ದರು. ಹೊಸ ಪದರದ ಅಂಚು ಉದ್ದಕ್ಕೂ, ರಸ್ತೆಗೆ ಸಮಾನಾಂತರವಾಗಿ, ಒಂದು ಸಣ್ಣ ಮೆಟ್ಟಿಲಿನ ಹಾಗೆ ಓಡುತ್ತಿತ್ತು. ಟೇಪು ಇಟ್ಟು ನೋಡಿದರೆ ಎರಡೂವರೆ ಸೆಂಟಿಮೀಟರು. ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೂ ಇಲ್ಲ. ಆವತ್ತು ಹಿಂದಿನಿಂದ ಒಂದು ದೊಡ್ಡ ಗಾಡಿ ಹಾರ್ನ್ ಮಾಡಿತ್ತು, ಎಲ್ಲರೂ ಮಾಡುವ ಹಾಗೆ ಅಂಚಿಗೆ ಸರಿದಿದ್ದೆ, ಚಕ್ರಗಳೆರಡೂ ಆ ಮೆಟ್ಟಿಲು ಇಳಿದು ಹಳೆಯ ಡಾಂಬರಿಗೆ ಬಂದಿದ್ದವು. ಇಳಿದದ್ದು ಗೊತ್ತೂ ಆಗಿರಲಿಲ್ಲ. ಗಾಡಿ ದಾಟಿತು, ಮುಂದೆ ಜಲ್ಲಿ ಚೆಲ್ಲಿದ್ದು ಕಂಡಿತು, ಮತ್ತೆ ರಸ್ತೆಗೆ ಬರೋಣ ಅಂತ ಹ್ಯಾಂಡಲ್ ಸ್ವಲ್ಪವೇ ತಿರುಗಿಸಿದೆ. ಮೈ ರಸ್ತೆಯ ಕಡೆ ವಾಲಿತು. ಚಕ್ರ ಬರಲಿಲ್ಲ. ಟೈರಿನ ಪಕ್ಕೆ ಆ ಅಂಚಿಗೆ ಉಜ್ಜುತ್ತಾ ಅಲ್ಲೇ ಓಡಿತು. ಆಮೇಲೆ ನನಗೆ ನೆನಪಿರುವುದು ರಸ್ತೆಯ ಕರಿ ಹರಳುಗಳು, ಕೆನ್ನೆಯ ಹತ್ತಿರ, ಒಂದೊಂದೂ ಬೇರೆ ಬೇರೆಯಾಗಿ ಕಾಣುವಷ್ಟು ಹತ್ತಿರ.

ಇದು ಯಾಕೆ ಹೀಗಾಗುತ್ತದೆ ಅಂತ ಅರ್ಥವಾಗಲು ಸೈಕಲ್ ಹೇಗೆ ನಿಲ್ಲುತ್ತದೆ ಅನ್ನುವುದನ್ನು ನೋಡಬೇಕು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಎಲ್ಲರೂ ಆಡಿರುತ್ತೇವೆ. ಕೋಲು ಯಾವ ಕಡೆ ವಾಲುತ್ತದೋ ಕೈಯನ್ನು ಅದೇ ಕಡೆಗೆ ಒಯ್ಯಬೇಕು, ಆಗ ಅದು ಮತ್ತೆ ನೆಟ್ಟಗಾಗುತ್ತದೆ. ಸೈಕಲ್ ಮೇಲೆ ನಾವು ಮಾಡುವುದೂ ಅಷ್ಟೇ. ಮೈ ವಾಲಿದ ಕಡೆಗೆ ಮುಂದಿನ ಚಕ್ರ ತಿರುಗಿ, ಚಕ್ರಗಳು ನಮ್ಮ ಭಾರದ ಕೆಳಗೆ ಬಂದು ಸೇರಬೇಕು. ತುಳಿಯುವಾಗ ಕ್ಷಣಕ್ಷಣಕ್ಕೂ ಇದು ನಡೆಯುತ್ತಲೇ ಇರುತ್ತದೆ, ನಮ್ಮ ಅರಿವಿಗೆ ಬಾರದ ಹಾಗೆ. ತಿರುಗುವ ಚಕ್ರ ಬುಗುರಿಯ ಹಾಗೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ, ಆದ್ದರಿಂದಲೇ ಸೈಕಲ್ ಬೀಳುವುದಿಲ್ಲ ಎಂದು ಶಾಲೆಯಲ್ಲಿ ಕೇಳಿದ ನೆನಪು ನನಗಿತ್ತು. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳವರು ಸೇರಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಉಲ್ಟಾ ತಿರುಗುವ ಚಕ್ರಗಳನ್ನು ಜೋಡಿಸಿ ಆ ಬುಗುರಿ ಗುಣವನ್ನು ಪೂರಾ ರದ್ದು ಮಾಡಿದ ಪುಟ್ಟ ಸೈಕಲ್ ಒಂದನ್ನು ಸವಾರನಿಲ್ಲದೆ ತಳ್ಳಿಬಿಟ್ಟರು. ಅದು ಬೀಳದೆ ಓಡಿತು. ವಾಲಿದ ಕಡೆಗೆ ತಾನೇ ತಿರುಗುವ ಹಾಗೆ ಅದನ್ನು ಕಟ್ಟಿದ್ದರು, ಅದು ನಿಂತದ್ದು ಅದರಿಂದ.

ಅಂದರೆ ಮುಂದಿನ ಚಕ್ರಕ್ಕೆ ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯ ಇರುವ ತನಕ ಸೈಕಲ್ ಸೈಕಲ್ಲು. ಆ ಸ್ವಾತಂತ್ರ್ಯವನ್ನು ಯಾವುದು ಕಿತ್ತುಕೊಂಡರೂ ಅಂಗೈಯನ್ನು ಮೇಜಿಗೆ ಕಟ್ಟಿಹಾಕಿ ಕೋಲು ನಿಲ್ಲಿಸು ಅಂದ ಹಾಗೆ. ಎರಡೂವರೆ ಸೆಂಟಿಮೀಟರಿನ ಉದ್ದುದ್ದ ಅಂಚು ಅದನ್ನು ಕಿತ್ತುಕೊಳ್ಳುತ್ತದೆ. ಟ್ರಾಮ್ ಅಥವಾ ರೈಲು ಕಂಬಿಯ ಪಕ್ಕದ ಸೀಳು, ಕಾಂಕ್ರೀಟ್ ಚಪ್ಪಡಿಗಳ ನಡುವಿನ ಸಂದು, ಓಡುವ ದಿಕ್ಕಿಗೇ ಕಂಬಿ ಇಟ್ಟ ಚರಂಡಿಯ ಜಾಲರಿ, ಕೇಬಲ್ ಹೂಳಲು ಅಗೆದು ಮುಚ್ಚಿ ಕುಸಿದ ಕಾಲುವೆ, ಎಲ್ಲವೂ ಇದೇ ಜಾತಿ. ಅಡ್ಡಕ್ಕೆ ಇರುವ ಗುಂಡಿಗಿಂತ ಉದ್ದಕ್ಕೆ ಇರುವ ಸೀಳಿಗೆ ನಾನು ಈಗ ಹೆಚ್ಚು ಹೆದರುತ್ತೇನೆ. ಗುಂಡಿ ಕುಲುಕುತ್ತದೆ, ಎತ್ತಿಹಾಕುತ್ತದೆ, ಕೆಲವೊಮ್ಮೆ ಕೆಡವುತ್ತದೆ. ಸೀಳು ಹಿಡಿದುಕೊಳ್ಳುತ್ತದೆ.

ಕೆನಡಾದ ಟೊರಾಂಟೊ ಮತ್ತು ವ್ಯಾಂಕೂವರ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ ಸೈಕಲ್ ಸವಾರರ ಬಗ್ಗೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಬಿಗಳಿರುವ ರಸ್ತೆಯಲ್ಲಿ ಗಾಯದ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡುಬಂತು. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದವರು ನಾಕ್ಸ್‌ವಿಲ್‌ನಲ್ಲಿ ರೈಲು ಕಂಬಿ ಓರೆಯಾಗಿ ದಾಟುವ ಒಂದು ಜಾಗಕ್ಕೆ ಕ್ಯಾಮೆರಾ ಇಟ್ಟರು. ಒಬ್ಬರ ಹಿಂದೆ ಒಬ್ಬರು ಅದೇ ಕಂಬಿಗೆ ಅದೇ ರೀತಿ ಬೀಳುವುದು ಅದರಲ್ಲಿ ದಾಖಲಾಯಿತು. ಆಮೇಲೆ ಆ ದಾರಿಯನ್ನೇ ಕೊಂಚ ಬಳಸಿ, ಸೈಕಲ್ ಕಂಬಿಯನ್ನು ಅಡ್ಡಡ್ಡ ದಾಟುವ ಹಾಗೆ ಮಾಡಿದರು, ಬೀಳುವುದು ಬಹುಪಾಲು ನಿಂತೇ ಹೋಯಿತು. ಸವಾರರು ಅವರೇ, ಕಂಬಿಯೂ ಅದೇ. ಆ ಹಿಂದೆ ಬಿದ್ದವರಲ್ಲಿ ಎಷ್ಟು ಜನ ಎದ್ದು ಮೈ ಕೊಡವಿಕೊಂಡು, ನನ್ನದೇ ತಪ್ಪು ಅಂದುಕೊಂಡು ಹೋಗಿರಬಹುದು ಅಂತ ನನಗೆ ಆಮೇಲೂ ಅನ್ನಿಸುತ್ತಲೇ ಇತ್ತು.

ಕಣ್ಣು ಎಲ್ಲಿಡಬೇಕು

ಬಿದ್ದವರ ಕತೆ ಕೊನೆಗೆ ಆಸ್ಪತ್ರೆಯ ಯಾವುದಾದರೂ ಕಾಗದದಲ್ಲಾದರೂ ಸಿಗುತ್ತದೆ. ಬೀಳದವರಿಗೂ ಕೆಟ್ಟ ರಸ್ತೆ ಏನೋ ಮಾಡುತ್ತಿರುತ್ತದೆ, ಅದಕ್ಕೆ ಕಾಗದವೇ ಇಲ್ಲ. ಗಂಟೆಗೆ 18 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಐದು ಮೀಟರು. ನುಣುಪಾದ ರಸ್ತೆಯಲ್ಲಿ ನನ್ನ ಕಣ್ಣು ಮೂವತ್ತು ನಲವತ್ತು ಮೀಟರು ಮುಂದೆ ಇರುತ್ತದೆ. ಅಡ್ಡರಸ್ತೆಯಿಂದ ಬರುವ ಕಾರಿನ ಮೂತಿ, ನಿಂತ ಗಾಡಿಯ ಬಾಗಿಲ ಹಿಡಿಕೆ, ಫುಟ್‌ಪಾತಿನ ಅಂಚಿಗೆ ಬಂದು ನಿಂತ ಮಗು, ಹಿಂದಿನ ಸದ್ದು ಎಷ್ಟು ಹತ್ತಿರ ಬಂತು, ಎಲ್ಲವನ್ನೂ ಸೋಸುತ್ತಾ ಹೋಗುತ್ತೇನೆ. ಕೆಟ್ಟ ರಸ್ತೆಗೆ ಬಂದ ತಕ್ಷಣ ಕಣ್ಣು ಮುಂದಿನ ಚಕ್ರದ ಎದುರಿನ ಐದಾರು ಮೀಟರಿಗೆ ಬಂದು ಕೂರುತ್ತದೆ. ಒಂದು ಸೆಕೆಂಡಿನ ದೂರ. ಬಾಗಿಲು ತೆರೆಯುವುದು, ಕಾರು ನುಗ್ಗುವುದು ಯಾವುದೂ ಆಗ ನನಗೆ ಕಾಣುವುದಿಲ್ಲ. ಇಂಥ ಹೊತ್ತಿನಲ್ಲಿ ಕಾರು ಬಂದು ತಾಗಿದರೆ ಅದು ಕಾರಿನ ಅಪಘಾತ ಎಂದು ದಾಖಲಾಗುತ್ತದೆ. ಸವಾರನ ಕಣ್ಣನ್ನು ನೆಲಕ್ಕೆ ಎಳೆದು ಇಟ್ಟದ್ದು ರಸ್ತೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕಣ್ಣಿನ ಜೊತೆಗೆ ಹೋಗುವುದು ನೇರ ಗೆರೆ. ಹಿಂದೆ ಬರುವ ಚಾಲಕರು ಸೈಕಲ್ಲನ್ನು ದಾಟುವಾಗ, ಇವನು ಹೀಗೇ ನೇರ ಹೋಗುತ್ತಾನೆ ಅನ್ನುವ ಒಂದೇ ಒಂದು ನಂಬಿಕೆಯ ಮೇಲೆ ದಾಟುತ್ತಾರೆ. ಗುಂಡಿ ತಪ್ಪಿಸಲು ನಾನು ಒಂದು ಅಡಿ ಪಕ್ಕಕ್ಕೆ ಹೋದರೆ ಆ ನಂಬಿಕೆ ಮುರಿಯುತ್ತದೆ. ಕಾರಿನೊಳಗಿನಿಂದ ಗುಂಡಿ ಕಾಣುವುದಿಲ್ಲ, ಇದ್ದಕ್ಕಿದ್ದ ಹಾಗೆ ಓಲಾಡಿದ ಸೈಕಲ್ ಮಾತ್ರ ಕಾಣುತ್ತದೆ. ಹಾಗಾಗಿ ಪ್ರತಿ ಗುಂಡಿಯ ಮುಂದೆ ಸವಾರನಿಗೆ ಒಂದು ಸೆಕೆಂಡಿನಲ್ಲಿ ಮಾಡಬೇಕಾದ ಆಯ್ಕೆ ಇರುತ್ತದೆ: ಒಳಗೆ ಇಳಿದು ಬೀಳುವ ಅಪಾಯವೋ, ಪಕ್ಕಕ್ಕೆ ಸರಿದು ಹಿಂದಿನ ಗಾಡಿಗೆ ಸಿಗುವ ಅಪಾಯವೋ. ತಿರುಗಿ ನೋಡಲು ಸಮಯವಿಲ್ಲ, ತಿರುಗಿ ನೋಡಿದರೆ ಗುಂಡಿ ಬಂದೇಬಿಡುತ್ತದೆ. ಇಂಥ ಆಯ್ಕೆಯನ್ನು ಒಂದು ಪಯಣದಲ್ಲಿ ನೂರು ಸಲ ಮಾಡಿ ಮನೆ ಮುಟ್ಟಿದಾಗ ಆಗುವ ಸುಸ್ತು ಕಾಲಿನದ್ದಲ್ಲ. ರಸ್ತೆ ಕೆಟ್ಟದ್ದರಿಂದ ಸೈಕಲ್ ಬಿಟ್ಟ ನನ್ನ ಇಬ್ಬರು ಗೆಳೆಯರೂ ಒಮ್ಮೆಯೂ ಬಿದ್ದವರಲ್ಲ. ಬಿಟ್ಟದ್ದು ಈ ಸುಸ್ತಿಗೆ.

ನೀರು ನಿಂತರೆ ಈ ಆಯ್ಕೆಯೂ ಇರುವುದಿಲ್ಲ. ಅಂಗೈ ಆಳದ ಕೆಸರು ನೀರೂ ಮೊಣಕಾಲುದ್ದದ ಹೊಂಡವೂ ಮೇಲಿನಿಂದ ಒಂದೇ ಥರ ಹೊಳೆಯುತ್ತವೆ. ಮಳೆಯಲ್ಲಿ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಪಟ್ಟೆ, ಕೊಳೆತ ಎಲೆ ಇವೆಲ್ಲ ಜಾರುತ್ತವೆ ಅನ್ನುವುದು ಸೈಕಲ್ ತುಳಿಯುವ ಎಲ್ಲರಿಗೂ ಗೊತ್ತು, ಅದನ್ನು ಬೆಳೆಸುವುದಿಲ್ಲ. ಗುಂಪಿನಲ್ಲಿ ಹೋಗುವವರು ಮಾತ್ರ ಇದಕ್ಕೊಂದು ಒಳ್ಳೆಯ ಪದ್ಧತಿ ಮಾಡಿಕೊಂಡಿದ್ದಾರೆ: ಮುಂದಿನವರು ಗುಂಡಿ ಕಂಡಾಗ ಕೈ ಕೆಳಗೆ ಚಾಚಿ ತೋರಿಸಿ ಕೂಗುತ್ತಾರೆ, ಅದು ಒಬ್ಬರಿಂದ ಒಬ್ಬರಿಗೆ ಸಾಲಿನ ಕೊನೆಯ ತನಕ ಹೋಗುತ್ತದೆ. ಒಂಟಿಯಾಗಿ ಕೆಲಸಕ್ಕೆ ಹೋಗುವವರಿಗೆ, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಆ ಕೂಗು ಇಲ್ಲ.

ಮಗಳ ಚಕ್ರ, ನನ್ನ ಚಕ್ರ

ಮಗಳು ಸೈಕಲ್ ಕಲಿತ ಹೊಸತರಲ್ಲಿ ನಾವಿಬ್ಬರೂ ಒಟ್ಟಿಗೆ ಒಂದು ಗುಂಡಿ ದಾಟಿದ್ದು ನೆನಪಾಗುತ್ತದೆ. ನಾನು ಮುಂದೆ, ಅವಳು ಹಿಂದೆ. ಒಂದು ಅಡಿ ಅಗಲದ, ಅಂಚು ಮುರಿದ ಸಾಧಾರಣ ಗುಂಡಿ. ನನಗೆ ಅದು ಒಂದು ಸಣ್ಣ ಧಡಕ್. ತಪ್ಪಿಸುವ ಯೋಚನೆ ಕೂಡ ಮಾಡಲಿಲ್ಲ. ಹಿಂದೆ "ಅಪ್ಪಾ" ಅಂತ ಒಂದು ಕೂಗು. ಕೂಗು ಮುಗಿಯುವ ಮೊದಲೇ ಕಬ್ಬಿಣ ನೆಲಕ್ಕೆ ಬಡಿದ ಸದ್ದು. ಅವಳು ಹ್ಯಾಂಡಲ್ ದಾಟಿ ಮುಂದಕ್ಕೆ ಬಿದ್ದಿದ್ದಳು, ಎರಡೂ ಅಂಗೈಗೆ ಜಲ್ಲಿ ಕಚ್ಚಿತ್ತು. ಓಡಿಹೋಗಿ ಎತ್ತಿಕೊಂಡೆ. ನನ್ನ ಬಾಯಿಂದ ಮೊದಲು ಬಂದ ಮಾತು, "ನೋಡ್ಕೊಂಡು ಬರಬಾರದಾ ಪುಟ್ಟ?" ಅವಳು ಅಳು ನಿಲ್ಲಿಸಿ, "ನೀನು ಹೋದ ಕಡೆಗೇ ಬಂದೆ ಅಪ್ಪ" ಅಂದಳು.

ಆಮೇಲೆ ಒಂದು ದಿನ ಕಾಗದದ ಮೇಲೆ ಎರಡು ವೃತ್ತ ಬರೆದು ಲೆಕ್ಕ ಹಾಕಿದೆ. ನನ್ನ ಚಕ್ರದ ಅರೆವ್ಯಾಸ ಸುಮಾರು 34 ಸೆಂ.ಮೀ. ಅವಳ ಪುಟ್ಟ ಸೈಕಲ್ಲಿನದು 20. ಮೂವತ್ತು ಸೆಂಟಿಮೀಟರ್ ಉದ್ದದ ಗುಂಡಿಯ ಬಾಯಿಯ ಮೇಲೆ ಈ ಚಕ್ರಗಳನ್ನು ಇಟ್ಟರೆ, ನನ್ನ ಚಕ್ರ ಎರಡೂ ಅಂಚಿಗೆ ತಾಗಿ ನಿಲ್ಲುವ ಹೊತ್ತಿಗೆ ಮೂರೂವರೆ ಸೆಂಟಿಮೀಟರು ಒಳಗೆ ಇಳಿದಿರುತ್ತದೆ, ಅವಳದು ಸುಮಾರು ಏಳು. ಗುಂಡಿ ಒಂದೇ, ಅವಳಿಗೆ ಎರಡರಷ್ಟು ಆಳ. ಇಳಿದದ್ದು ಸಾಲದೆ ಎದುರಿನ ಅಂಚು ಅವಳ ಚಕ್ರಕ್ಕೆ ಎರಡರಷ್ಟು ಎತ್ತರದಲ್ಲಿ, ಗೋಡೆಯ ಹಾಗೆ ಎದುರಾಗುತ್ತದೆ. ಹತ್ತಬೇಕಾದ ಚಕ್ರ ಅಲ್ಲೇ ನಿಂತುಬಿಡುತ್ತದೆ, ಮೈ ಮುಂದಕ್ಕೆ ಹೋಗುತ್ತದೆ. ಮಡಚುವ ಸೈಕಲ್, ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ, ಮಗುವನ್ನು ಕೂರಿಸಿದ ತಳ್ಳುಗಾಡಿ, ಎಲ್ಲದಕ್ಕೂ ಇದೇ ಲೆಕ್ಕ. ಈ ಕಾಗದವನ್ನು ಅವಳಿಗೆ ತೋರಿಸಿ, ಆವತ್ತು ನಾನು ಬೈದದ್ದು ತಪ್ಪು ಅಂದೆ. ಅವಳಿಗೆ ಆ ಹೊತ್ತಿಗೆ ಆ ಘಟನೆಯೇ ಮರೆತುಹೋಗಿತ್ತು. ನನಗೆ ಮರೆತಿರಲಿಲ್ಲ.

ಅಳೆಯುವವರು ಎಲ್ಲಿ ಕೂತಿದ್ದಾರೆ

ನಾನು ಬಿದ್ದ ಅದೇ ಜಾಗದ ಮೇಲೆ ಕೆಲವು ವಾರಗಳ ನಂತರ ಭಾವನ ಕಾರಿನಲ್ಲಿ ಹೋದೆ. ಬಂತು ಬಂತು ಅಂತ ಮೈ ಬಿಗಿ ಹಿಡಿದು ಕೂತಿದ್ದೆ. ಏನೂ ಆಗಲಿಲ್ಲ. ಕಾರಿನ ಚಕ್ರ ಆ ಅಂಚಿನ ಹತ್ತಿರಕ್ಕೂ ಹೋಗಲಿಲ್ಲ. "ಇಲ್ಲೇನಾ ನೀವು ಬಿದ್ದಿದ್ದು? ರಸ್ತೆ ಚೆನ್ನಾಗೇ ಇದೆಯಲ್ಲ" ಅಂದರು. ಅವರು ಹೇಳಿದ್ದು ನಿಜವೇ. ಕಾರಿನ ಸೀಟಿನಿಂದ ಅದು ಒಳ್ಳೆಯ ರಸ್ತೆ.

ರಸ್ತೆ ಎಷ್ಟು ಒರಟಾಗಿದೆ ಎಂದು ಜಗತ್ತಿನಾದ್ಯಂತ ಹೇಳುವುದು ಅಂತರರಾಷ್ಟ್ರೀಯ ಒರಟುತನ ಸೂಚ್ಯಂಕ ಎಂಬ ಒಂದು ಅಂಕಿಯಿಂದ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗದಿಂದ ಹುಟ್ಟಿದ್ದು, 1986ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ್ದು. ಅದರ ಲೆಕ್ಕ ಹೀಗೆ: ಒಂದು ಕಾರಿನ ಕಾಲು ಭಾಗವನ್ನು, ಅಂದರೆ ಒಂದು ಚಕ್ರ, ಅದರ ಸ್ಪ್ರಿಂಗು, ಅದರ ಮೇಲಿನ ಭಾರ, ಇಷ್ಟನ್ನು ಕಲ್ಪಿಸಿಕೊಳ್ಳಬೇಕು. ಅದು ಆ ರಸ್ತೆಯ ಮೇಲೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿದರೆ ಸ್ಪ್ರಿಂಗು ಒಟ್ಟು ಎಷ್ಟು ಮೇಲೆ ಕೆಳಗೆ ಆಡುತ್ತದೆ ಎಂದು ಕೂಡಿಸಬೇಕು. ಅಳೆಯುವುದು ಕಾರಿನ ಚಕ್ರ ಓಡುವ ಜಾಡಿನಲ್ಲಿ. ಮೂಲತಃ ಇದು ಒಳ್ಳೆಯ, ಪ್ರಾಮಾಣಿಕ ಅಳತೆ, ಹೆದ್ದಾರಿಗಳಿಗೆ ಬೇಕಾದದ್ದು ಕೂಡ. ಆದರೆ ಸ್ಪ್ರಿಂಗಿಲ್ಲದ, ಗಂಟೆಗೆ 18 ಕಿ.ಮೀ. ಓಡುವ, ರಸ್ತೆಯ ಅಂಚಿನಲ್ಲೇ ಬದುಕುವ ನನ್ನ ಸೈಕಲ್ ಈ ಅಂಕಿಯ ಒಳಗೆ ಎಲ್ಲೂ ಇಲ್ಲ.

ಗುಂಡಿ ಅಂತ ಒಪ್ಪಿಕೊಳ್ಳುವುದಕ್ಕೂ ಅಳತೆ ಇರುತ್ತದೆ. ಬ್ರಿಟನ್ನಿನ ಹಲವು ಸ್ಥಳೀಯ ಆಡಳಿತಗಳು ರಸ್ತೆಯಲ್ಲಿ 40 ಮಿ.ಮೀ. ಆಳವಿದ್ದರೆ ರಿಪೇರಿಗೆ ತೆಗೆದುಕೊಳ್ಳುತ್ತವೆ. ನನ್ನ ಅಂಚು 25. ಅಲ್ಲಿ ಕೂಡ ಅದು ಪಟ್ಟಿಗೆ ಸೇರುತ್ತಿರಲಿಲ್ಲ. ಆಳ ಎಷ್ಟು ಎಂಬುದರ ಜೊತೆಗೆ ಅದು ಯಾವ ದಿಕ್ಕಿಗಿದೆ, ಅಂಚು ಇಳಿಜಾರೋ ಕಡಿದೋ, ಸೈಕಲ್ ಓಡುವ ಜಾಗದಲ್ಲಿದೆಯೋ ಇಲ್ಲವೋ ಎಂದು ಕೂಡ ಕೇಳಬೇಕು. ಅಡ್ಡಲಾಗಿ ಇರುವ ನಾಲ್ಕು ಸೆಂಟಿಮೀಟರಿಗಿಂತ ಉದ್ದಕ್ಕೆ ಇರುವ ಎರಡು ಸೆಂಟಿಮೀಟರು ನಮಗೆ ಕೆಟ್ಟದ್ದು. ನಮ್ಮ ಮುಂದಿನ ಟೈರು ನೆಲ ಮುಟ್ಟುವ ಜಾಗ ಎಷ್ಟು ಅಂತ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮುಂದಿನ ಚಕ್ರದ ಮೇಲೆ 36 ಕೆ.ಜಿ. ಭಾರ, ಟೈರಿನಲ್ಲಿ ಚದರ ಸೆಂಟಿಮೀಟರಿಗೆ 4 ಕೆ.ಜಿ. ಒತ್ತಡ ಅಂದುಕೊಂಡರೆ, ನೆಲಕ್ಕೆ ತಾಗುವುದು ಸುಮಾರು 9 ಚದರ ಸೆಂಟಿಮೀಟರು. ಎರಡು ಹೆಬ್ಬೆಟ್ಟಿನ ಗುರುತಿನಷ್ಟು. ಒಂದು ಹಿಡಿ ಉರುಟು ಜಲ್ಲಿ ಆ ಇಡೀ ಜಾಗವನ್ನು ಮುಚ್ಚಿಬಿಡುತ್ತದೆ.

ಆ ಜಲ್ಲಿ ಅಂಚಿನಲ್ಲೇ ಯಾಕೆ ಇರುತ್ತದೆ? ಕಾರು ಲಾರಿಗಳ ಚಕ್ರ ತಮ್ಮ ಜಾಡನ್ನು ತಾವೇ ಗುಡಿಸಿಕೊಳ್ಳುತ್ತವೆ. ಗಾಜಿನ ಚೂರು, ಮರಳು, ಮೊಳೆ ಎಲ್ಲ ಅವು ಓಡದ ಕಡೆಗೆ ಸಿಡಿಯುತ್ತದೆ. ನೀರು ಹರಿದುಹೋಗಲಿ ಎಂದು ರಸ್ತೆಯ ನಡುವನ್ನು ಉಬ್ಬಿಸಿರುತ್ತಾರೆ, ಹಾಗಾಗಿ ನೀರೂ ಅಂಚಿಗೆ. ಚರಂಡಿ ಜಾಲರಿ ಅಲ್ಲಿ, ಪೈಪು ಕೇಬಲ್ಲಿಗೆ ಅಗೆಯುವುದು ಅಲ್ಲಿ, ಡಾಂಬರು ತೆಳ್ಳಗಾಗಿ ಒಡೆಯುವುದು ಅಲ್ಲಿ. ಸೈಕಲ್ಲಿನವರು ಅಂಚಿಗೆ ಹೋಗಿ ಅನ್ನುವುದೂ ಅಲ್ಲಿಗೇ.

ಇನ್ನೊಂದು ಲೆಕ್ಕ ನನ್ನನ್ನು ತುಂಬಾ ದಿನ ಕೂರಲು ಬಿಡಲಿಲ್ಲ. 1958ರಿಂದ 1960ರ ತನಕ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾದಲ್ಲಿ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿ ರಸ್ತೆ ಹೇಗೆ ಸವೆಯುತ್ತದೆ ಎಂದು ನೋಡಿದರು. ಅಚ್ಚಿನ ಮೇಲಿನ ಭಾರ ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂದು ಅದರಿಂದ ತಿಳಿಯಿತು. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಭಾರೀ ಗಾಡಿಗಳಿಗೆಂದು ಕಂಡುಕೊಂಡ ನಿಯಮವನ್ನು ಸೈಕಲ್ಲಿಗೆ ಹಚ್ಚುವುದು ಒರಟು ಅಂದಾಜು, ನಿಜ. ಆದರೂ ಹಚ್ಚಿ ನೋಡಿ: ಕಾರಿನ ಒಂದು ಅಚ್ಚಿನ ಮೇಲೆ 750 ಕೆ.ಜಿ., ಸೈಕಲ್ಲಿನ ಒಂದು ಚಕ್ರದ ಮೇಲೆ 50 ಕೆ.ಜಿ. ಭಾರ ಹದಿನೈದು ಪಟ್ಟು, ಹಾನಿ 50,625 ಪಟ್ಟು. ಬಿರುಕಿನಲ್ಲಿ ನೀರು ಇಳಿದು, ಕೆಳಗಿನ ಮಣ್ಣು ಜಲ್ಲಿ ಮೆತ್ತಗಾಗಿ, ಮೇಲೆ ಭಾರ ಹೋದಾಗಲೆಲ್ಲ ಕೆಸರು ಪಿಚಕ್ಕನೆ ಮೇಲೆ ಬಂದು, ಕೊನೆಗೆ ಡಾಂಬರಿನ ಚಕ್ಕೆ ಎದ್ದು ಹೋಗುವುದೇ ಗುಂಡಿ. ಅದರಲ್ಲಿ ಸೈಕಲ್ಲಿನ ಪಾಲು ಇಲ್ಲ ಅಂದರೂ ನಡೆಯುತ್ತದೆ. ಅದರೊಳಗೆ ಬೀಳುವ ಪಾಲು ಮಾತ್ರ ನಮ್ಮದು.

ಬೇರೆ ಥರ ಅಳೆಯಲು ಬಾರದು ಅಂತೇನೂ ಇಲ್ಲ. ನೆದರ್ಲೆಂಡ್ಸ್‌ನ ಸೈಕಲ್ ಸವಾರರ ಸಂಘ ಫಿಯೆಟ್ಸರ್ಸ್‌ಬಾಂಡ್ ಅಳತೆ ಉಪಕರಣ ಕಟ್ಟಿದ ಸೈಕಲ್ಲನ್ನೇ ಊರೂರಿನ ದಾರಿಗಳಲ್ಲಿ ಓಡಿಸಿ, ಕುಲುಕಾಟ ಎಷ್ಟು ಎಂದು ದಾಖಲಿಸಿದೆ. ಅಳೆಯುವ ಯಂತ್ರ ಸೈಕಲ್ ಮೇಲೆ ಕೂತರೆ ಕಾಣುವ ರಸ್ತೆಯೇ ಬೇರೆ. ರಸ್ತೆ ಪರಿಶೀಲನೆಗೆ ಹೋಗುವವರು ತಿಂಗಳಿಗೊಮ್ಮೆಯಾದರೂ ಸೈಕಲ್ಲಿನಲ್ಲಿ ಹೋಗಬೇಕು ಎನ್ನುವುದು ನನ್ನ ಬೇಡಿಕೆ, ಇದನ್ನು ನಾನು ಪೂರ್ತಿ ಮನಸ್ಸಿನಿಂದ ಕೇಳುತ್ತಿದ್ದೇನೆ.

ಮೊದಲು ಕೇಳಿದವರು

ನುಣುಪು ರಸ್ತೆ ಬೇಕು ಅಂತ ಮೊದಲು ಸಂಘ ಕಟ್ಟಿ ಕೇಳಿದವರಲ್ಲಿ ಸೈಕಲ್ ಸವಾರರು ಮುಂಚೂಣಿಯಲ್ಲಿದ್ದರು, ಕಾರು ರಸ್ತೆಗೆ ಇಳಿಯುವ ಮೊದಲೇ. ಅಮೆರಿಕದಲ್ಲಿ 1880ರಲ್ಲಿ ಸ್ಥಾಪನೆಯಾದ ಸವಾರರ ಸಂಘ ಒಳ್ಳೆಯ ರಸ್ತೆಗಳ ಚಳವಳಿಯನ್ನೇ ಎಬ್ಬಿಸಿತು. ಬ್ರಿಟನ್ನಿನಲ್ಲಿ 1886ರಲ್ಲಿ ರಸ್ತೆ ಸುಧಾರಣಾ ಸಂಘ ಹುಟ್ಟಿಹಾಕಿದ್ದು ಸೈಕಲ್ ಸಂಘಟನೆಗಳು. 1887-88ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲಿಗೆ, ಗಟ್ಟಿ ಟೈರಿನ ಕುಲುಕಾಟ ತಪ್ಪಲಿ ಎಂದು. ಇವತ್ತು ಲಾರಿಯಿಂದ ವಿಮಾನದ ತನಕ ಉರುಳುವ ಗಾಳಿ ಟೈರಿನ ವಂಶ ಆ ಹುಡುಗನ ಸೈಕಲ್ಲಿನಿಂದ ಬೆಳೆದದ್ದು. ಇದನ್ನು ಓದಿದ ದಿನ ನನಗೆ ಹೆಮ್ಮೆಯೂ ಆಯಿತು, ಗಂಟಲೂ ಕಟ್ಟಿತು.

ನಾನು ಈಗ ಮಾಡುವುದು

ಟೈರು ಅಗಲದ್ದು ಹಾಕಿಸಿಕೊಂಡಿದ್ದೇನೆ, ಗಾಳಿ ಕಲ್ಲಿನ ಹಾಗೆ ತುಂಬುವುದಿಲ್ಲ, ತೀರಾ ಇಳಿಸುವುದೂ ಇಲ್ಲ. ಗಾಳಿ ತೀರಾ ಕಮ್ಮಿಯಾದರೆ ಗುಂಡಿಯ ಅಂಚು ಟ್ಯೂಬನ್ನು ರಿಮ್ಮಿಗೆ ಒತ್ತಿ ಕಚ್ಚುತ್ತದೆ, ಬಿಚ್ಚಿ ನೋಡಿದರೆ ಹಾವು ಕಡಿದ ಹಾಗೆ ಅಕ್ಕಪಕ್ಕ ಎರಡು ತೂತು. ಗುಂಡಿಗೆ ಇಳಿಯಲೇಬೇಕಾದರೆ ಅದಕ್ಕೆ ಮೊದಲೇ ಬ್ರೇಕ್ ಹಿಡಿದು, ಇಳಿಯುವಾಗ ಬಿಟ್ಟು, ಪೆಡಲ್ ಎರಡನ್ನೂ ಸಮ ಮಾಡಿ ಸೀಟಿನಿಂದ ಸ್ವಲ್ಪ ಎದ್ದು, ಮೊಣಕೈ ಸಡಿಲ ಬಿಡುತ್ತೇನೆ. ಕಂಬಿ, ಸೀಳು, ಅಂಚು ಯಾವುದನ್ನೂ ಓರೆಯಾಗಿ ಹತ್ತುವುದಿಲ್ಲ. ಹಿಂದೆ ನೋಡಿ, ಜಾಗ ಮಾಡಿಕೊಂಡು, ಆದಷ್ಟು ಅಡ್ಡಡ್ಡ ಹತ್ತುತ್ತೇನೆ, ಆಗದಿದ್ದರೆ ಇಳಿದು ನಡೆಯುತ್ತೇನೆ. ಅಂಚಿಗೆ ಒತ್ತಿಕೊಂಡು ಹೋಗುವುದನ್ನು ಬಿಟ್ಟಿದ್ದೇನೆ. ಹಾರ್ನ್ ಮಾಡುತ್ತಾರೆ, ಮಾಡಲಿ. ಇದೆಲ್ಲ ತಿಳಿದಿರುವುದು ಒಳ್ಳೆಯದೇ, ಹೊಸಬರಿಗೆ ಹೇಳಿಕೊಡುತ್ತೇನೆ ಕೂಡ. ಆದರೆ ಮೂವತ್ತು ವರ್ಷದ ಅನುಭವವಿಲ್ಲದ ಮಗುವಿಗೆ, ಬೆನ್ನಿಗೆ ಹೊರೆ ಕಟ್ಟಿಕೊಂಡವರಿಗೆ, ಕಣ್ಣು ಮಂದವಾದವರಿಗೆ ಈ ಪಟ್ಟಿ ಕೊಟ್ಟು ಕಳಿಸಲಾಗುವುದಿಲ್ಲ.

ರಸ್ತೆಗೆ ಬೇಕಾದದ್ದು ಇದಕ್ಕಿಂತ ಸರಳ. ಗುಂಡಿಯಲ್ಲಿ ನಿಂತ ನೀರಿಗೇ ಡಾಂಬರು ಜಲ್ಲಿ ಸುರಿದು ಸಲಿಕೆಯಿಂದ ತಟ್ಟಿ ಹೋದರೆ ಮುಂದಿನ ಮಳೆಗೆ ಅದು ಎದ್ದು ಬಂದು ಅದೇ ಉರುಟು ಜಲ್ಲಿಯಾಗಿ ಅಂಚಿನಲ್ಲಿ ಬೀಳುತ್ತದೆ. ಒಡೆದ ಭಾಗವನ್ನು ಚೌಕವಾಗಿ ಕತ್ತರಿಸಿ, ಗುಡಿಸಿ, ಒಣಗಿಸಿ, ಅಂಟು ಹಿಡಿಯಲು ತೆಳುವಾಗಿ ಬಿಸಿ ಡಾಂಬರು ಬಳಿದು, ಆಮೇಲೆ ತುಂಬಿಸಿ ರೋಲರಿನಿಂದ ಗಟ್ಟಿ ಮಾಡಿದ ತೇಪೆ ವರ್ಷಗಟ್ಟಲೆ ನಿಲ್ಲುತ್ತದೆ. ಹೊಸ ಪದರ ಹಾಸುವಾಗ ಅಂಚಿನ ತನಕ ಒಯ್ಯಬೇಕು, ಆಗದಿದ್ದರೆ ಇಳಿಜಾರು ಮಾಡಿ ಬಿಡಬೇಕು. ಮ್ಯಾನ್‌ಹೋಲ್ ಮುಚ್ಚಳವನ್ನು ಹೊಸ ಮಟ್ಟಕ್ಕೆ ಎತ್ತಬೇಕು. ಜಾಲರಿಯ ಕಂಬಿ ಓಡುವ ದಿಕ್ಕಿಗೆ ಅಡ್ಡವಾಗಿರಬೇಕು. ಕೆಲಸ ಮುಗಿದ ಮೇಲೆ ಅಂಚನ್ನು ಗುಡಿಸಬೇಕು.

ಮತ್ತೆ, ಬಿದ್ದ ಜಾಗ ಹೇಗಿತ್ತು ಅಂತಲೂ ಬರೆದುಕೊಳ್ಳಬೇಕು. ನೆದರ್ಲೆಂಡ್ಸ್‌ನ ಸಂಶೋಧಕ ಪಾಲ್ ಸ್ಕೆಪರ್ಸ್ ಮತ್ತು ಜೊತೆಗಾರರು ಗಾಯಗೊಂಡ ಸವಾರರನ್ನೇ ವಿವರವಾಗಿ ಕೇಳಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇರೆ ಯಾರೂ ತಾಗದೆ ಬಿದ್ದ ಅಪಘಾತಗಳಲ್ಲಿ ಸುಮಾರು ಅರ್ಧಕ್ಕೆ ರಸ್ತೆಯ ರಚನೆ ಅಥವಾ ಸ್ಥಿತಿಯೂ ಕಾರಣ. ಹಲವು ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಸೈಕಲ್ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೀಗೆ ಒಂಟಿಯಾಗಿ ಬಿದ್ದವರೇ, ಪೊಲೀಸ್ ದಾಖಲೆಯಲ್ಲಿ ಅವರಲ್ಲಿ ಬಹುಪಾಲು ಜನ ಸಿಗುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ಯಾವುದಕ್ಕೂ ಡಿಕ್ಕಿಯಾಗದೆ ಗಾಯಗೊಂಡ ಸೈಕಲ್ ಸವಾರರಿಗೆ ವಿ18 ಎಂಬ ಸಂಕೇತವಿದೆ. ಸವಾರನೋ ಹಿಂದೆ ಕೂತವನೋ, ಸಂಚಾರವಿರುವ ರಸ್ತೆಯೋ ಅಲ್ಲವೋ ಎಂದು ಅದರಲ್ಲಿ ಒಳಭೇದಗಳಿವೆ. ಆ ರಸ್ತೆ ಹೇಗಿತ್ತು ಎನ್ನುವುದಕ್ಕೆ ಜಾಗ ಇಲ್ಲ.

ಫಿಸಿಯೋಥೆರಪಿಯ ಕೊನೆಯ ವಾರ ನನ್ನ ಪಕ್ಕದ ಕುರ್ಚಿಯಲ್ಲಿ ನನಗಿಂತ ಹಿರಿಯರಾದ ಒಬ್ಬ ಅಮ್ಮ ರಬ್ಬರ್ ಚೆಂಡು ಹಿಸುಕುತ್ತಾ ಕೂತಿದ್ದರು. ಮಣಿಕಟ್ಟಿನ ಪಟ್ಟಿ ಹೊಸದಾಗಿ ಬಿಚ್ಚಿದ್ದು, ಚರ್ಮ ಬಿಳಿಚಿಕೊಂಡು ಸಿಪ್ಪೆ ಏಳುತ್ತಿತ್ತು. ಹೇಗಾಯ್ತಮ್ಮ ಅಂತ ಕೇಳಿದೆ. "ಸೈಕಲ್ಲಿಂದ ನಾನೇ ಬಿದ್ದೆ ಕಣಪ್ಪ, ವಯಸ್ಸಾಯ್ತಲ್ಲ" ಅಂದರು. ಬಿದ್ದ ಜಾಗ ಹೇಗಿತ್ತು ಅಂತ ಮತ್ತೆ ಕೇಳಿದೆ. ಚೆಂಡು ಹಿಸುಕುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನೋವಿಲ್ಲದ ಕೈಯ ಎರಡು ಬೆರಳು ಜೋಡಿಸಿ, ಕುರ್ಚಿಯ ಹಿಡಿಯ ಮೇಲೆ ಉದ್ದಕ್ಕೆ ಮಲಗಿಸಿ ತೋರಿಸಿದರು. "ಪೈಪು ಹಾಕಿ ಮುಚ್ಚಿದ್ರು. ಇಷ್ಟು ಇಳಿದಿತ್ತು. ಹೀಗೆ ಉದ್ದಕ್ಕೆ."